ರಿಜಿಸ್ಟರಿನಲ್ಲಿ ನಾನು ಬರೆದ ಹೆಸರು

ಪುತ್ತೂರಿನಿಂದ ಕಠ್ಮಂಡುವಿಗೆ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನನ್ನ ಬಾಯಿಗೆ ಕಿಲೋಮೀಟರು ಬರುವುದಿಲ್ಲ. ಎಪ್ಪತ್ತೆರಡು ಸುಳ್ಯ ಎಂದೇ ಬರುತ್ತದೆ. ದೆಹಲಿಯಿಂದ ಆಗ್ರಾ ಆರು ಸುಳ್ಯ. ಮಧುರೆಯಿಂದ ರಾಮೇಶ್ವರ ಐದಕ್ಕೆ ಸ್ವಲ್ಪ ಕಡಿಮೆ. ಈ ಲೆಕ್ಕ ನನ್ನದಲ್ಲ. ಹನ್ನೊಂದು ವರ್ಷ ನನ್ನನ್ನೂ ನನ್ನ ಹೆಂಡತಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಊರೂರು ಸುತ್ತಿಸಿದ ಒಬ್ಬರ ಲೆಕ್ಕ. ಪುತ್ತೂರಿನಿಂದ ಸುಳ್ಯಕ್ಕೆ ಹೋಗುವಷ್ಟು ದಾರಿಯೇ ಅವರ ಅಳತೆಗೋಲು. "ಇನ್ನು ಎಷ್ಟು ಉಂಟು?" ಎಂದು ಹಿಂದಿನ ಸೀಟಿನಿಂದ ಕೇಳಿದರೆ, "ಎರಡು ಸುಳ್ಯ ಉಂಟು ಅಕ್ಕ, ಒಂದು ನಿದ್ದೆ ತೆಗೀರಿ" ಎನ್ನುತ್ತಿದ್ದರು. ದೂರ ಕಡಿಮೆಯಿದ್ದರೆ, "ಎಂತ ಇಲ್ಲ, ಕಡಬದಿಂದ ನೆಟ್ಟಣ ಅಷ್ಟೇ." ಊರು ಬಿಟ್ಟು ಎಷ್ಟು ದೂರ ಹೋದರೂ ಅವರ ಬಾಯಲ್ಲಿ ನಾವು ಸುಳ್ಯ ಕಡಬದ ಆಚೀಚೆಯೇ ಇರುತ್ತಿದ್ದೆವು.

ಕಳೆದ ತಿಂಗಳು ಅವರು ತೀರಿಕೊಂಡರು. ಕಡಬದ ಕಾರು ಸ್ಟ್ಯಾಂಡಿನಲ್ಲಿ ಬೆಳಗ್ಗೆ ಗಾಡಿ ಒರೆಸುತ್ತ ಇದ್ದವರು ಎದೆ ಹಿಡಿದುಕೊಂಡು ಕೂತರಂತೆ, ಮತ್ತೆ ಏಳಲಿಲ್ಲ. ಈಗ ಅವರು, ಇವರು ಎಂದು ಮರ್ಯಾದೆ ಕೊಟ್ಟು ಬರೆಯುತ್ತಿದ್ದೇನೆ. ಬದುಕಿದ್ದಾಗ ಒಂದು ದಿನವೂ ಹಾಗೆ ಕರೆದವನಲ್ಲ. ನನಗಿಂತ ಬರೀ ನಾಲ್ಕು ವರ್ಷ ಚಿಕ್ಕವರು. ಅವರಿಗೆ ನಾನು "ಮಾಷ್ಟ್ರೇ, ನೀವು", ನನಗೆ ಅವರು "ಏ, ನೀನು". ಅದು ಸರಿ ಎಂದೇ ತಿಳಿದಿದ್ದೆ. ಇಂಥದ್ದು ಇನ್ನೂ ಇದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳಬೇಕೆಂದೇ ಕೂತಿದ್ದೇನೆ.

ನಾನು ಕಡಬದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದ ಕಾಲಕ್ಕೆ ಅವರು ನೆಟ್ಟಣದ ರೈಲು ಸ್ಟೇಷನ್ನಿನಿಂದ ಕಡಬಕ್ಕೆ ಜೀಪು ಓಡಿಸುತ್ತಿದ್ದರು. ಅದಕ್ಕೂ ಮೊದಲು ಲಾರಿಯಲ್ಲಿ ಬೊಂಬಾಯಿಗೆ ಹೋಗುತ್ತಿದ್ದವರು. ಮನೆಮಾತು ಬ್ಯಾರಿ. ಜೀಪಿಗೆ ಹತ್ತಿದವರು ಯಾರೇ ಇರಲಿ, ಅವರ ಭಾಷೆಯಲ್ಲೇ ಮಾತು. ತುಳುವಿನವರಿಗೆ ತುಳು, ಸುಳ್ಯದ ಕಡೆಯ ಗೌಡರಿಗೆ ಅರೆಭಾಷೆ, ಕೇರಳದವರಿಗೆ ಮಲಯಾಳ, ರೈಲಿಳಿದು ಸುಬ್ರಹ್ಮಣ್ಯಕ್ಕೆ ಹೊರಟ ಯಾತ್ರಿಕರಿಗೆ ತಮಿಳೋ ತೆಲುಗೋ ಏನು ಬೇಕೋ ಅದು. "ನಿನಗೆ ಎಷ್ಟು ಭಾಷೆ ಬರ್ತದೆ ಮಾರಾಯ?" ಎಂದು ಒಮ್ಮೆ ಕೇಳಿದ್ದೆ. "ಓದಲಿಕ್ಕೆ ಒಂದೂ ಬರುದಿಲ್ಲ ಮಾಷ್ಟ್ರೇ, ಹಾಗಾಗಿ ಮಾತಾಡ್ಲಿಕ್ಕೆ ಜಾಗ ಜಾಸ್ತಿ ಉಂಟು" ಎಂದು ನಕ್ಕಿದ್ದರು. ಅವರ ಮಗ ನನ್ನ ಕ್ಲಾಸಿನಲ್ಲಿದ್ದ. ಬೆಳಗ್ಗೆ ಹಾಜರಿ ಕರೆಯುವಾಗ ತಂದೆಯ ಹೆಸರು ಸೇರಿಸಿಯೇ ಅವನ ಹೆಸರು ಕೂಗಬೇಕಿತ್ತು, ಕ್ಲಾಸಿನಲ್ಲಿ ಅದೇ ಹೆಸರಿನವರು ಇಬ್ಬರಿದ್ದರು. ಹಾಗಾಗಿ ಆ ಮನುಷ್ಯನ ಹೆಸರು ನನಗೆ ಚೆನ್ನಾಗಿಯೇ ಗೊತ್ತಿತ್ತು.

ತಿರುಗಾಟದ ಹುಚ್ಚು ನನ್ನದಲ್ಲ, ನನ್ನ ಹೆಂಡತಿ ವಾರಿಜಳದ್ದು. ಅವಳು ಗುತ್ತಿಗಾರಿನವಳು. ಬಾಳೆಗೆ ಬಂದ ಆನೆಯನ್ನು ಡಬ್ಬಿ ಬಡಿದು ಓಡಿಸಿದ ಮನೆಯವಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೂತು ಊರೂರಿಗೆ ಲೈನು ಕೊಟ್ಟವಳು. ನಿವೃತ್ತಿಯಾದ ದಿನ ಮನೆಗೆ ಬಂದವಳೇ, "ಕಿವಿಯಲ್ಲಿ ಕೇಳಿದ ಊರುಗಳನ್ನೆಲ್ಲ ಇನ್ನು ಕಣ್ಣಲ್ಲಿ ನೋಡ್ಬೇಕು" ಎಂದಳು. ನಾನು ಪುಕ್ಕಲ. ರೈಲು ತಪ್ಪಿದರೆ, ಹೊಟ್ಟೆ ಕೆಟ್ಟರೆ, ಕಳ್ಳರು ಬಂದರೆ ಎಂದು ಹತ್ತು ನೆಪ ತೆಗೆದೆ. "ಹಾಗಾದ್ರೆ ಕಾರಿನಲ್ಲೇ ಹೋಗುವ, ಗೊತ್ತಿದ್ದ ಡ್ರೈವರನ್ನು ಕರ್ಕೊಂಡು" ಎಂದಳು. ಅಷ್ಟು ಹೊತ್ತಿಗೆ ಅವರು ಜೀಪು ಮಾರಿ ಏಳು ಸೀಟಿನ ಬಿಳಿ ಕಾರು ತೆಗೆದಿದ್ದರು. ನಾವು ಪುತ್ತೂರಿನ ದರ್ಬೆಗೆ ಬಂದು ಮನೆ ಮಾಡಿದ್ದೆವು. ಫೋನು ಮಾಡಿದರೆ ಕಡಬದಿಂದ ಬೆಳಗ್ಗೆ ಆರಕ್ಕೆ ಸರಿಯಾಗಿ ಗೇಟಿನ ಹತ್ತಿರ ಹಾಜರು.

ದಾರಿಯಲ್ಲಿ ಅವರ ಶಿಸ್ತೇ ಬೇರೆ. ಹಿಂದಿನ ಡಿಕ್ಕಿಯಲ್ಲಿ ಒಂದು ಸಣ್ಣ ಗ್ಯಾಸ್ ಒಲೆ, ಅಲ್ಯೂಮಿನಿಯಂ ಪಾತ್ರೆ, ಹತ್ತು ಕಿಲೋ ಕುಚ್ಚಲಕ್ಕಿ. ನನಗೆ ಎರಡು ದಿನಕ್ಕಿಂತ ಹೆಚ್ಚು ಚಪಾತಿ ಹಿಡಿಸುವುದಿಲ್ಲ. ಮೂರನೆಯ ದಿನ ಎಲ್ಲಾದರೂ ಮರದ ನೆರಳು ನೋಡಿ ಗಾಡಿ ನಿಲ್ಲಿಸಿ ಗಂಜಿಗೆ ಇಡುವರು. "ಮಾಷ್ಟ್ರ ಹೊಟ್ಟೆ ಪುತ್ತೂರು ಬಿಟ್ಟು ಬರುದೇ ಇಲ್ಲ, ಅಕ್ಕ. ಅದನ್ನು ಮನೆಯಲ್ಲಿ ಬಿಟ್ಟು ಬರ್ಬೇಕಿತ್ತು" ಎಂದು ವಾರಿಜಳ ಹತ್ತಿರ ನಗೆಯಾಡುತ್ತಿದ್ದರು. ಗಂಜಿ, ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. ನಾವಿಬ್ಬರು ಮರದಡಿಯಲ್ಲಿ ಚಾಪೆ ಹಾಸಿ ಕೂತು ಉಣ್ಣುತ್ತಿದ್ದೆವು. ಅವರು ಕಾರಿನ ಬಾಗಿಲು ತೆರೆದು ಸೀಟಿನಲ್ಲೇ ಕೂತು ಉಣ್ಣುತ್ತಿದ್ದರು. ಚಾಪೆಯಲ್ಲಿ ಜಾಗ ಇತ್ತು. ಬಾ ಎಂದು ನಾನು ಕರೆಯಲಿಲ್ಲ, ಕರೆಯದ್ದು ತಪ್ಪೆಂದು ಆಗ ಅನಿಸಲೂ ಇಲ್ಲ.

ದೇವಸ್ಥಾನಗಳ ವಿಷಯದಲ್ಲಿ ಅವರಿಗೆ ಗೊತ್ತಿದ್ದಷ್ಟು ನನಗೆ ಗೊತ್ತಿರಲಿಲ್ಲ. ಯಾವ ಗೋಪುರದಿಂದ ಹೋದರೆ ಸಾಲು ಕಡಿಮೆ, ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತಾರೆ, ಚಪ್ಪಲಿ ಎಲ್ಲಿ ಬಿಟ್ಟರೆ ಸೇಫು, ಎಲ್ಲ ಬಾಯಿಪಾಠ. ಪಾರ್ಕಿಂಗಿನಲ್ಲಿ ಬೇರೆ ಡ್ರೈವರುಗಳನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು. "ಅಕ್ಕ, ಇಲ್ಲಿ ಅಮ್ಮನವರ ಗುಡಿ ಮೊದಲು ನೋಡ್ಬೇಕಂತೆ, ಮತ್ತೆ ಈಶ್ವರ" ಎಂದು ಹೇಳಿ ಕಳಿಸುತ್ತಿದ್ದರು. ಬೆಳಗಿನ ನಮಾಜನ್ನು ನಾವು ಏಳುವ ಮೊದಲೇ, ಉಳಿದದ್ದನ್ನು ನಾವು ಗುಡಿಯೊಳಗಿರುವಾಗ ಮುಗಿಸಿಕೊಂಡಿರುತ್ತಿದ್ದರು. ಅವರು ನಮಾಜು ಮಾಡುವುದನ್ನು ಹನ್ನೊಂದು ವರ್ಷದಲ್ಲಿ ನಾನು ಸರಿಯಾಗಿ ನೋಡಿದ್ದೇ ಇಲ್ಲ.

ಹೆಸರಿನ ವಿಷಯ ಶುರುವಾದದ್ದು ನಮ್ಮ ಎರಡನೆಯ ಪ್ರಯಾಣದಲ್ಲಿ. ಉತ್ತರದ ಒಂದು ಕ್ಷೇತ್ರ, ಊರಿನ ಹೆಸರು ಬೇಡ. ಮಧ್ಯಾಹ್ನ ಮೂರು ಗಂಟೆಗೆ ಒಂದು ಛತ್ರಕ್ಕೆ ಹೋದೆವು. ಮೇಜಿನ ಹಿಂದೆ ಕೂತಿದ್ದ ವೃದ್ಧರು ರಿಜಿಸ್ಟರನ್ನು ನನ್ನ ಕಡೆಗೆ ತಿರುಗಿಸಿ, ಎಷ್ಟು ಜನವೋ ಅಷ್ಟು ಹೆಸರು ಬರೆಯಿರಿ ಎಂದರು. ನನ್ನ ಹೆಸರು ಬರೆದೆ, ವಾರಿಜಳದ್ದು ಬರೆದೆ. ಮೂರನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಆ ವೃದ್ಧರು ಏನೂ ಕೇಳಿರಲಿಲ್ಲ. ಗೋಡೆಯಲ್ಲಿ ಅಂಥ ಬೋರ್ಡೂ ಇರಲಿಲ್ಲ. ಬಹುಶಃ ಸರಿಯಾದ ಹೆಸರನ್ನೇ ಬರೆದಿದ್ದರೂ ಅವರು ತಲೆ ಎತ್ತಿ ನೋಡುತ್ತಿರಲಿಲ್ಲ. ತೊಂದರೆಯಾದೀತು ಎಂದು ನಾನೇ ಕಲ್ಪಿಸಿಕೊಂಡೆ, ಪರಿಹಾರವನ್ನೂ ನಾನೇ ಹುಡುಕಿದೆ. ವಾರಿಜಳ ಕಡೆ ನೋಡಿದೆ. ಅವಳು ಸಣ್ಣ ದನಿಯಲ್ಲಿ, "ಶೇಖರ ಅಂತ ಬರೀರಿ, ಯಾಕೆ ಸುಮ್ಮನೆ" ಎಂದಳು. ನನ್ನ ದುಂಡಗಿನ ಅಕ್ಷರದಲ್ಲಿ ಶೇಖರ ಎಂದು ಬರೆದೆ.

ಅವರು ಹಿಂದೆಯೇ ಬ್ಯಾಗು ಹಿಡಿದುಕೊಂಡು ನಿಂತಿದ್ದರು. ಕೋಣೆಗೆ ಹೋಗುವಾಗ ಮೆಟ್ಟಿಲಿನಲ್ಲಿ ಕೇಳಿದರು.

"ಮಾಷ್ಟ್ರೇ, ಶೇಖರ ಯಾರು?"

"ನೀನೇ ಮಾರಾಯ. ಒಂದೆರಡು ದಿವಸಕ್ಕೆ. ಇಲ್ಲಿ ಹೇಗೋ ಏನೋ."

ಅವರು ಒಂದು ಮೆಟ್ಟಿಲು ಹತ್ತಿ ನಿಂತರು. ಮತ್ತೆ ನಕ್ಕರು. "ಆಯ್ತು, ಕಾರು ಬಾಡಿಗೆಗೆ ತಂದಾಯ್ತು, ಹೆಸರು ನಿಮ್ಮದೇ ಕಡೆಯಿಂದ ಫ್ರೀ" ಎಂದರು. ನಾವೂ ನಕ್ಕೆವು. ಅಷ್ಟು ಸುಲಭದಲ್ಲಿ ಮುಗಿಯಿತಲ್ಲ ಎಂದು ನನಗೆ ನಿರಾಳವಾಯಿತು.

ಒಂದೆರಡು ದಿವಸ ಒಂಬತ್ತು ವರ್ಷವಾಯಿತು. ಛತ್ರದಲ್ಲಿ ಶೇಖರ ಎಂದ ಮೇಲೆ ಊಟದ ಹಾಲಿನಲ್ಲೂ ಶೇಖರ ಎನ್ನಬೇಕು, ಗೈಡಿನ ಎದುರೂ ಶೇಖರ ಎನ್ನಬೇಕು. ಮುಂದಿನ ಪ್ರಯಾಣದಲ್ಲಿ ಎಲ್ಲಿ ಹೇಳುವುದು ಎಲ್ಲಿ ಬಿಡುವುದು ಎಂಬ ಗೊಂದಲವೇ ಬೇಡವೆಂದು ಶಿರಾಡಿ ಘಾಟಿ ಹತ್ತುವಾಗಲೇ ಶೇಖರ ಶುರು. ನಾಲಗೆಗೆ ರೂಢಿಯಾಯಿತು. ಅವರಿಗೂ ಆಯಿತು. ಕರೆದರೆ ಓಗೊಡುತ್ತಿದ್ದರು. ಕಡೆಗೆ ದರ್ಬೆಯಲ್ಲೂ ನಾನು ಅವರನ್ನು ಶೇಖರ ಎಂದೇ ಕರೆಯತೊಡಗಿದೆ. ಒಮ್ಮೆ ಅವರ ಮೊಬೈಲಿಗೆ ಫೋನು ಮಾಡಿದಾಗ ಅವರ ಹೆಂಡತಿ ಎತ್ತಿದರು. "ಶೇಖರ ಉಂಟಾ?" ಎಂದೆ. "ಇಲ್ಲಿ ಹಾಗೆ ಹೆಸರಿನವರು ಯಾರೂ ಇಲ್ಲ, ರಾಂಗ್ ನಂಬ್ರ" ಎಂದು ಇಟ್ಟುಬಿಟ್ಟರು. ಈ ಪ್ರಸಂಗವನ್ನು ನಾನು ಎಷ್ಟು ಮಂದಿಗೆ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ.

ನೇಪಾಳಕ್ಕೆ ಹೋದ ವರ್ಷ ಒಂದು ಅವಕಾಶ ಸಿಕ್ಕಿತ್ತು. ಗಡಿಯಲ್ಲಿ ಗಾಡಿಯ ಕಾಗದ, ಮೂವರ ಗುರುತಿನ ಚೀಟಿ ಎಲ್ಲ ಕೊಡಬೇಕಾಯಿತು. ಅಲ್ಲಿಯ ಅಧಿಕಾರಿ ಅವರ ನಿಜವಾದ ಹೆಸರನ್ನು ಗಟ್ಟಿಯಾಗಿ ಓದಿದ. ಆತ ಚೀಟಿ ಹಿಂದೆ ಕೊಟ್ಟು, ಸೀಲು ಹೊಡೆದು, ಮುಂದಿನವರನ್ನು ಕರೆದ. ಅಷ್ಟೇ. ಕಾರಿಗೆ ಹತ್ತಿದ ಮೇಲೆ ವಾರಿಜ ಹೇಳಿದಳು, "ನೋಡಿ, ಯಾರಿಗೂ ಎಂತದೂ ಆಗ್ಲಿಲ್ಲ. ಇನ್ನು ಅವನ ಹೆಸರೇ ಹೇಳುವ, ನಮಗ್ಯಾಕೆ ಈ ನಾಟಕ." ಅವರು ಮುಂದಿನ ಸೀಟಿನಲ್ಲಿ ಕೇಳಿಸಿಕೊಳ್ಳುತ್ತಿದ್ದರು. ಕನ್ನಡಿಯಲ್ಲಿ ಅವರ ಕಣ್ಣು ನನ್ನ ಕಡೆ ಬಂದು ನಿಂತಿತು. ನಾನು, "ಇದು ಬೇರೆ ದೇಶ, ಹಾಗೆ ನಡೀತದೆ. ನಮ್ಮಲ್ಲಿ ಆಗ್ಲಿಕ್ಕಿಲ್ಲ" ಎಂದೆ. ಅವರು ಕಣ್ಣು ರಸ್ತೆಗೆ ತೆಗೆದುಕೊಂಡು, "ಪೋಖರಾಕ್ಕೆ ಐದು ಸುಳ್ಯ ಉಂಟು ಅಕ್ಕ" ಎಂದರು.

ಆ ಪ್ರಯಾಣದಲ್ಲಿ ಅವರನ್ನು ನೋಡಬೇಕಿತ್ತು! ಪೋಖರಾದ ದಾರಿಯಲ್ಲಿ ಗುಡ್ಡ ಜರಿದು ಆರು ಗಂಟೆ ಸಿಕ್ಕಿಹಾಕಿಕೊಂಡೆವು. ಹಿಂದೆ ಮುಂದೆ ಬಸ್ಸುಗಳ ಸಾಲು. ನಾನು ದೇವರ ನಾಮ ಹೇಳುತ್ತ ಕೂತಿದ್ದೆ. ಅವರು ಡಿಕ್ಕಿ ತೆಗೆದು ಒಲೆ ಹಚ್ಚಿದರು. ಒಂದು ಬಸ್ಸಿನ ಮಕ್ಕಳಿಗೆಲ್ಲ ಗಂಜಿ. ಹಿಂದಿನ ಜೀಪಿನಲ್ಲಿದ್ದ ಬಿಳಿಯ ಗಂಡ ಹೆಂಡತಿಗೂ ಒಂದೊಂದು ಲೋಟ. ಆ ಹೆಂಗಸು ಮಿಡಿ ಉಪ್ಪಿನಕಾಯಿ ಕಚ್ಚಿ ಕಣ್ಣು ಮುಚ್ಚಿ ತಲೆ ಕೊಡವಿದಾಗ, "ಪೊಡಿ ಪೊಡಿ, ಸ್ವಲ್ಪ ಸ್ವಲ್ಪವೇ ಕಚ್ಚಬೇಕು ಅಮ್ಮ" ಎಂದು ಕನ್ನಡದಲ್ಲೇ ಪಾಠ ಹೇಳಿದರು. ಆಕೆಗೆ ಅರ್ಥವಾಯಿತು ಕೂಡ. ಮೇಲೆ ಹಿಮ ಸಿಕ್ಕಿದ ಕಡೆ ಮೊದಲು ಅದನ್ನು ಮೂಸಿ ನೋಡಿದರು. ಮತ್ತೆ ನಮ್ಮ ಚಹಾದ ಫ್ಲಾಸ್ಕಿನಲ್ಲಿ ತುಂಬಿದರು, ಮಗಳಿಗೆ ತೋರಿಸಲಿಕ್ಕಂತೆ. ಗೋರಖಪುರಕ್ಕೆ ಬರುವಷ್ಟರಲ್ಲಿ ನೀರು. "ಚೆಲ್ಲು ಮಾರಾಯ" ಎಂದೆ. "ಇರಲಿ ಮಾಷ್ಟ್ರೇ, ಹಿಮದ ನೀರು ಅಂತ ಹೇಳಿದ್ರೆ ಅವಳು ನಂಬ್ತಾಳೆ, ನಾನು ಅವಳಿಗೆ ಸುಳ್ಳು ಹೇಳಿದ್ದಿಲ್ಲ" ಎಂದರು.

ಮಸ್ಕತ್ತಿಗೆ ನಾವಿಬ್ಬರೇ ವಿಮಾನದಲ್ಲಿ ಹೋದದ್ದು. ಆದರೂ ಅವರು ಜೊತೆಗೇ ಇದ್ದ ಹಾಗೆ. ಅವರ ತಮ್ಮ ಅಲ್ಲಿ ಒಂದು ಕೆಫೆಟೇರಿಯಾದಲ್ಲಿದ್ದ. ಅಣ್ಣನಿಂದ ಅವನಿಗೆ ಮೊದಲೇ ಫೋನು ಹೋಗಿತ್ತು. ವಿಮಾನ ಇಳಿದ ಕೂಡಲೇ ಆ ತಮ್ಮ ಎರಡು ದಿನ ರಜೆ ಹಾಕಿ ಬಂದು ನಿಂತಿದ್ದ. ಕೋಟೆ ತೋರಿಸಿದ, ಸಮುದ್ರ ತೋರಿಸಿದ, ಕಳೆದುಹೋದ ವಾರಿಜಳ ಪಾಸ್‌ಪೋರ್ಟನ್ನು ನಾವು ಕೂತಿದ್ದ ಮೂರು ಅಂಗಡಿಗಳಿಗೆ ಓಡಿ ಹೋಗಿ ಹುಡುಕಿ ತಂದ. ಅವನ ಮನೆಯಲ್ಲಿ ನೆಲಕ್ಕೆ ಹಾಸಿದ ಒಂದೇ ಊಟದ ಹಾಸು, ಸುಪ್ರದ ಸುತ್ತ ಕೂತು ಅಕ್ಕಿಯ ಪತ್ತಿರ್ ರೊಟ್ಟಿ ತಿಂದೆವು. ತುಂಬ ರುಚಿಯಾಗಿತ್ತು, ನಾಲ್ಕು ತಿಂದೆ. ಬಂದ ಮೇಲೆ ಇದನ್ನು ಹೇಳಿದರೆ ಅವರ ಮುಖ ಅರಳಿತು. "ಹಾಗಾದ್ರೆ ಈ ಪೆರ್ನಾಲಿಗೆ ನಮ್ಮಲ್ಲಿಗೂ ಬನ್ನಿ ಮಾಷ್ಟ್ರೇ. ಇವಳು ತಮ್ಮನ ಹೆಂಡತಿಗಿಂತ ಚಂದ ಮಾಡ್ತಾಳೆ" ಎಂದರು. ಬರುತ್ತೇನೆ ಎಂದೆ. ಹಬ್ಬದ ದಿನ ಬೆಳಗ್ಗೆ ಸೊಂಟ ನೋವು ಎಂದು ಫೋನು ಮಾಡಿದೆ. ಮಸ್ಕತ್ತಿನಲ್ಲಿ ನೋಡುವವರು ಯಾರೂ ಇರಲಿಲ್ಲ, ಕಡಬದಲ್ಲಿ ನಾನು ಪಾಠ ಮಾಡಿದ ಊರೇ ಇತ್ತು. ಅಷ್ಟೇ ವ್ಯತ್ಯಾಸ. ಆ ಸಂಜೆ ಬಸ್ಸಿನಲ್ಲಿ ಒಂದು ಡಬ್ಬಿ ಬಂತು, ಜೊತೆಗೆ ಸೊಂಟಕ್ಕೆ ಹಚ್ಚುವ ಎಣ್ಣೆಯ ಬಾಟ್ಲಿ.

ಇನ್ನು ಕಡೆಯ ಪ್ರಯಾಣ. ಮೂರು ವರ್ಷದ ಹಿಂದಿನ ಮಾತು. ಮತ್ತೆ ಉತ್ತರದ್ದೇ ಒಂದು ಯಾತ್ರಾಸ್ಥಳ. ಹಿಂದಿನ ದಿನ ಸಂಜೆ ಲಾಡ್ಜಿನ ರಿಜಿಸ್ಟರಿನಲ್ಲಿ ಎಂದಿನಂತೆ ಮೂರನೆಯ ಸಾಲಿನಲ್ಲಿ ಶೇಖರ ಎಂದು ಬರೆದಿದ್ದೆ. ಬೆಳಗ್ಗೆ ಎಂಟಕ್ಕೆ ಲಾಡ್ಜಿನವನು ಎಲ್ಲರ ಗುರುತಿನ ಚೀಟಿಯ ಜೆರಾಕ್ಸು ಬೇಕು ಎಂದು ಬಂದ, ಹಬ್ಬದ ಸಮಯ, ಬಂದೋಬಸ್ತು ಹೆಚ್ಚು. ಅವರು ಕೆಳಗೆ ಕಾರು ಒರೆಸುತ್ತಿದ್ದರು. ನನ್ನನ್ನು ಕೇಳದೆ ಸೀದಾ ತಮ್ಮ ಲೈಸನ್ಸು ತೆಗೆದು ಕೊಟ್ಟರು. ರಿಜಿಸ್ಟರಿನಲ್ಲಿ ಒಂದು ಹೆಸರು, ಲೈಸನ್ಸಿನಲ್ಲಿ ಇನ್ನೊಂದು. ಅರ್ಧ ಗಂಟೆಯಲ್ಲಿ ಇಬ್ಬರು ಪೊಲೀಸರು ಬಂದರು.

ವಾರಿಜ ಲಾಡ್ಜಿನಲ್ಲೇ ಉಳಿದಳು. ಠಾಣೆಗೆ ಹೋದದ್ದು ನಾವಿಬ್ಬರು. ಅಲ್ಲಿಯ ಅಧಿಕಾರಿ ರಿಜಿಸ್ಟರನ್ನು ಮೇಜಿನ ಮೇಲೆ ತೆರೆದಿಟ್ಟು ನನ್ನನ್ನು ಕೂರಿಸಿದ. ಅವರನ್ನು ನಿಲ್ಲಿಸಿದ.

"ಈ ಹೆಸರು ಬರೆದವರು ಯಾರು?"

ನನ್ನ ಅಕ್ಷರ ನನ್ನ ಎದುರೇ ಬಿದ್ದಿತ್ತು. "ನಾನು" ಎಂದೆ.

"ಸುಳ್ಳು ಹೆಸರು ಯಾಕೆ ಬರೆದಿರಿ?"

ಈ ಒಂದು ನಿಮಿಷವನ್ನು ನಾನು ಮೂರು ವರ್ಷದಿಂದ ಎಷ್ಟು ಸಲ ತಿರುಗಿ ನೋಡಿದ್ದೇನೋ! ನನ್ನ ತಪ್ಪು, ಇವರಿಗೆ ಸಂಬಂಧವಿಲ್ಲ, ಹನ್ನೊಂದು ವರ್ಷದಿಂದ ಇವರ ಕಾರಿನಲ್ಲೇ ತಿರುಗುತ್ತಿದ್ದೇವೆ ಎಂದು ಹೇಳಲು ನನಗೆ ಹಿಂದಿ ಬರುತ್ತಿತ್ತು. ಬಿಳಿ ಕೂದಲಿನ ನಿವೃತ್ತ ಮಾಷ್ಟ್ರನ್ನು ಯಾರೂ ಒಳಗೆ ಹಾಕುತ್ತಿರಲಿಲ್ಲ. ಬೈದು ಕಳಿಸುತ್ತಿದ್ದರು, ಅಷ್ಟೇ. ಆದರೆ ನನ್ನ ಬಾಯಿಂದ ಬಂದದ್ದು ಬೇರೆ.

"ಅವನು ನಮಗೆ ಅದೇ ಹೆಸರು ಹೇಳಿದ್ದ."

"ಎಷ್ಟು ಸಮಯದಿಂದ ಗೊತ್ತು?"

"ಬಾಡಿಗೆಗೆ ಗೊತ್ತುಮಾಡಿದ ಗಾಡಿ" ಎಂದೆ.

ಅಧಿಕಾರಿ ಅವರ ಕಡೆ ತಿರುಗಿದ. ನಾನು ತಲೆ ಎತ್ತಲಿಲ್ಲ. ಮೇಲಿನಿಂದ ಅವರ ದನಿ ಕೇಳಿತು, ಲಾರಿಯಲ್ಲಿ ಕಲಿತ ಆ ಸಲೀಸಾದ ಹಿಂದಿಯಲ್ಲಿ. "ಹೌದು ಸಾಹೇಬ್, ನಾನೇ ಹೇಳಿದ್ದು. ಲಾಡ್ಜಿನಲ್ಲಿ ಜಾಗ ಸಿಗಲಿಕ್ಕಿಲ್ಲ ಅಂತ ಹೆದರಿದೆ. ಇವರಿಗೆ ಎಂತದೂ ಗೊತ್ತಿಲ್ಲ, ಪಾಪ, ವಯಸ್ಸಾದವರು." ನನ್ನ ಮನಸ್ಸಿನಲ್ಲಿದ್ದ ಹೆದರಿಕೆಯನ್ನೇ ತೆಗೆದು ತಮ್ಮದೆಂದು ಹೇಳಿದರು. ಅಧಿಕಾರಿ ನನಗೆ ಹೋಗಬಹುದು ಎಂದ. ನಾನು ಎದ್ದು ಬಂದೆ. ಥೂ! ಬಂದು ಲಾಡ್ಜಿನ ಕೆಳಗೆ ಪೂರಿ ಬಾಜಿ ತಿಂದೆ ಎಂದೂ ಬರೆದುಬಿಡುತ್ತೇನೆ. ಹಸಿವಾಗಿತ್ತು.

ಅವರು ಅಲ್ಲಿಂದಲೇ ಕಡಬದ ಪಂಚಾಯತಿನ ಸದಸ್ಯರೊಬ್ಬರಿಗೆ ಫೋನು ಮಾಡಿಸಿದರು, ಆ ಸದಸ್ಯರು ಊರಿನ ಠಾಣೆಯಿಂದ ಮಾತಾಡಿಸಿದರು, ಸಂಜೆ ನಾಲ್ಕಕ್ಕೆ ಪೊಲೀಸರು ಅವರನ್ನು ಬಿಟ್ಟರು. ಅಷ್ಟು ಹೊತ್ತು ಅಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ. ಅಂಗಿಯ ಮೇಲಿನ ಗುಂಡಿ ಕಿತ್ತುಹೋಗಿತ್ತು. ನಾನು ಕೇಳಲಿಲ್ಲ. ಅವರು ಬರುವ ಮೊದಲೇ ವಾರಿಜಳಿಗೆ ನಾನೊಂದು ಕಥೆ ಹೇಳಿಯಾಗಿತ್ತು. ಅಧಿಕಾರಿಯ ಹತ್ತಿರ ವಾದ ಮಾಡಿದೆ, ಇವರಿಗೆ ನಾನು ಜವಾಬ್ದಾರ ಎಂದು ಹೇಳಿದೆ, ನನ್ನ ಹಳೆಯ ವಿದ್ಯಾರ್ಥಿಗಳಿಗೆ ಫೋನು ಮಾಡಿದೆ, ಇನ್ನೇನು ಬಿಡುತ್ತಾರೆ, ಎಂದು.

ಹಿಂದೆ ಬರುವ ದಾರಿ ಮೂರು ದಿನದ್ದು. ವಾರಿಜ ಹಿಂದಿನ ಸೀಟಿನಿಂದ ಹೇಳುತ್ತಲೇ ಇದ್ದಳು. "ದೇವರು ದೊಡ್ಡವ ಶೇಖರ, ಇವರು ಇಲ್ಲದಿದ್ರೆ ಎಂತ ಆಗ್ತಿತ್ತು ನಿನ್ನ ಅವಸ್ಥೆ! ನಮ್ಮ ಮಾಷ್ಟ್ರು ಹೆದರುಪುಕ್ಕಲ ಅಂತ ನಾನು ತಮಾಷೆ ಮಾಡ್ತಿದ್ದೆ. ಈಗ ನೋಡು!" ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಅವರು ಗೇರು ಬದಲಿಸಿ, "ಹೌದು ಅಕ್ಕ. ಮಾಷ್ಟ್ರು ಇದ್ದದ್ದಕ್ಕೆ ಆಯ್ತು" ಎಂದರು.

ದರ್ಬೆಗೆ ಮುಟ್ಟಿದ ಮೇಲೆ ಬ್ಯಾಗುಗಳನ್ನು ಜಗಲಿಯಲ್ಲಿಟ್ಟು, "ಇನ್ನು ದೂರದ ಬಾಡಿಗೆ ಬೇಡ ಅಂತ ಉಂಟು ಮಾಷ್ಟ್ರೇ, ಕಣ್ಣು ಸ್ವಲ್ಪ ಕಡಿಮೆ ಆಗ್ತಾ ಬಂತು" ಎಂದರು. ಕಣ್ಣಿಗೆ ಏನೂ ಆಗಿರಲಿಲ್ಲ. ಆಮೇಲೆಯೂ ಎಷ್ಟೋ ಸಲ ಪುತ್ತೂರಿನ ಪೇಟೆಯಲ್ಲಿ ಸಿಕ್ಕಿದ್ದಾರೆ. ಗಾಡಿ ನಿಲ್ಲಿಸಿ, ಅಕ್ಕ ಹೇಗಿದ್ದಾರೆ, ಹೊಟ್ಟೆ ಹೇಗುಂಟು ಎಂದು ಕೇಳದೆ ಹೋದವರಲ್ಲ. ಪ್ರತಿಸಲವೂ ಇವತ್ತು ಹೇಳಿಬಿಡಬೇಕು, ತಪ್ಪಾಯ್ತು ಎನ್ನಬೇಕು ಎಂದುಕೊಳ್ಳುತ್ತಿದ್ದೆ. ಪ್ರತಿಸಲವೂ ಹಿಂದಿನಿಂದ ಯಾವುದೋ ಬಸ್ಸು ಹಾರ್ನು ಹೊಡೆಯುತ್ತಿತ್ತು, ನಾನೂ ಸಿಕ್ಕಿದ್ದೇ ನೆಪವೆಂದು ಕೈಬೀಸಿ ಕಳಿಸುತ್ತಿದ್ದೆ.

ಅವರು ತೀರಿಕೊಂಡ ನಾಲ್ಕನೆಯ ದಿನ ನಾವಿಬ್ಬರೂ ಕಡಬಕ್ಕೆ ಹೋದೆವು. ಆ ಮನೆಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಅವರಲ್ಲಿ ಗಂಡ ತೀರಿಕೊಂಡ ಮೇಲೆ ಕೆಲವು ತಿಂಗಳು ಹೆಂಗಸರು ಹೊರಗಿನ ಗಂಡಸರ ಎದುರು ಬರುವುದಿಲ್ಲ. ಹಾಗಾಗಿ ವಾರಿಜ ಒಳಗೆ ಹೋದಳು, ನಾನು ಜಗಲಿಯಲ್ಲಿ ಮಗನ ಜೊತೆ ಕೂತೆ. ಈಗ ಕಡಬದಲ್ಲೇ ಮೊಬೈಲಿನ ಅಂಗಡಿ ಇಟ್ಟಿದ್ದಾನೆ. ನನ್ನನ್ನು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ, ತಾನು ನಿಂತೇ ಇದ್ದ. ಬಂದವರಿಗೆಲ್ಲ, "ಇವರೇ ಉಪ್ಪನ ಮಾಷ್ಟ್ರು. ಆ ದಿನ ಠಾಣೆಯಿಂದ ಬಿಡಿಸಿದವರು" ಎಂದು ಪರಿಚಯ ಮಾಡಿಸಿದ. ಅವನಿಗೆ ತಂದೆ ಉಪ್ಪ, ತಾಯಿ ಉಮ್ಮ. ಮುದುಕರೊಬ್ಬರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ನಾನು ಅಲ್ಲ ಎನ್ನಲಿಲ್ಲ. ಆ ಕೈಗಳನ್ನು ಹಿಡಿಸಿಕೊಂಡು ಕೂತೆ.

ಹೊರಡುವಾಗ ಮಗ ಹೇಳಿದ, "ಕಾರು ಸ್ಟ್ಯಾಂಡಿನವರು ಉಪ್ಪನ ನೆನಪಿಗೆ ಒಂದು ಚಿಕ್ಕ ಪುಸ್ತಕ ಮಾಡ್ತಾರಂತೆ ಮಾಷ್ಟ್ರೇ. ನೀವು ಬರೀಲೇಬೇಕು. ಆ ಠಾಣೆಯ ವಿಷಯವೇ ಬರೀರಿ, ಅದು ನಿಮಗೊಬ್ಬರಿಗೇ ಗೊತ್ತಿರುದು."

ಕಾರಿನಲ್ಲಿ ವಾರಿಜ ಕಣ್ಣೊರೆಸಿಕೊಂಡು, "ಅವರ ಹೆಂಡತಿ ನನ್ನ ಕೈ ಬಿಡ್ಲೇ ಇಲ್ಲ. ನಮ್ಮವರು ಆ ದಿನ ಎಷ್ಟು ಓಡಾಡಿದ್ರು ಅಂತ ನಾನು ಹೇಳಿದೆ. ಹೌದು, ಹೇಳ್ತಿದ್ರು ಅಂದ್ರು" ಎಂದಳು.

ಮನೆಗೆ ಬಂದು ಇದನ್ನು ಬರೆದೆ. ಬರೆದದ್ದನ್ನು ಮೊದಲು ವಾರಿಜಳಿಗೆ ಓದಿ ಹೇಳಿದೆ. ಅವಳು ತೊಂಡೆಕಾಯಿ ಹೆಚ್ಚುತ್ತಿದ್ದವಳು ಠಾಣೆಯ ಭಾಗ ಬಂದಾಗ ಚೂರಿ ಕೆಳಗಿಟ್ಟಳು. "ಅಂದ್ರೆ, ಮೂರು ದಿವಸ ನಾನು ಹೇಳ್ತಾ ಇದ್ದದ್ದನ್ನೆಲ್ಲ ಅವನು ಕೇಳಿಕೊಂಡೇ ಗಾಡಿ ಬಿಟ್ಟದ್ದಾ?" ಎಂದಳು. ಹೌದು ಎಂದೆ. "ನೀವು ಎಂತ ಮನುಷ್ಯ ಮಾರಾಯ್ರೆ!" ಎಂದವಳು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ಬೆಳಗ್ಗೆ ಕಾಫಿ ಇಟ್ಟು, "ಶೇಖರ ಅಂತ ಬರೀರಿ ಅಂದದ್ದು ನಾನು ಅಂತ ಹಾಕಿದ್ದೀರಲ್ಲ, ಅದನ್ನು ತೆಗೀಬೇಡಿ. ಕಳಿಸಿ" ಎಂದಳು. ಮಗನ ಮೊಬೈಲಿಗೆ ಕಳಿಸಿದೆ. ನಾಲ್ಕು ದಿನ ಏನೂ ಉತ್ತರವಿಲ್ಲ. ಇನ್ನು ಆ ಹುಡುಗ ನನ್ನ ಮುಖ ನೋಡುವುದಿಲ್ಲ ಎಂದುಕೊಂಡೆ. ನಿನ್ನೆ ಮಧ್ಯಾಹ್ನ ಫೋನು ಬಂತು.

"ಓದಿದೆ ಮಾಷ್ಟ್ರೇ." "ಉಮ್ಮನಿಗೂ ಓದಿ ಹೇಳಿದೆ."

"ಎಂತ ಹೇಳಿದ್ರು?"

"ಅವರಿಗೆ ಮೊದಲೇ ಗೊತ್ತಿತ್ತಂತೆ. ಉಪ್ಪ ಬಂದ ದಿವಸವೇ ಅವರಿಗೊಬ್ಬರಿಗೆ ಹೇಳಿದ್ರಂತೆ. ಮಕ್ಕಳಿಗೆ ಗೊತ್ತಾಗುದು ಬೇಡ, ಪಾಠ ಮಾಡಿದವರ ಮೇಲೆ ಮರ್ಯಾದೆ ಹೋಗ್ಬಾರ್ದು ಅಂತ." ಮತ್ತೆ ಹೇಳಿದ, "ನಿಮ್ಮಲ್ಲೇ ಬರೆಸು ಅಂತ ನನಗೆ ಹೇಳಿದ್ದು ಉಮ್ಮನೇ."

ಅವನೇ ಮುಂದುವರಿಸಿದ. "ಪುಸ್ತಕಕ್ಕೆ ಕೊಡ್ತೇನೆ. ಉಮ್ಮ ಒಂದು ಮಾತ್ರ ಹೇಳಿದ್ದಾರೆ. ಇದರಲ್ಲಿ ಉಪ್ಪನ ಹೆಸರು ಹಾಕುದು ಬೇಡಂತೆ."

"ಯಾಕೆ?"

"ಬದುಕಿದ್ದಾಗ ಮಾಷ್ಟ್ರಿಗೆ ಆ ಹೆಸರು ಬೇಡ ಆಗಿತ್ತಲ್ಲ, ಈಗ ಯಾಕೆ ಅಂತ ಕೇಳಿದ್ರು."

ಅವನಿಗೆ ಕಳಿಸಿದ್ದ ಪ್ರತಿಯಲ್ಲಿ ನಾನು ಅವರ ಪೂರ್ತಿ ಹೆಸರನ್ನೇ ಬರೆದಿದ್ದೆ. ಈಗಲಾದರೂ ಬರೆದೆನಲ್ಲ ಎಂಬ ಸಮಾಧಾನಕ್ಕೆ, ಬೇಕಾದಲ್ಲಿ ಬೇಡವಾದಲ್ಲಿ ಎಲ್ಲ ಬರೆದಿದ್ದೆ. ಫೋನಿಟ್ಟು ಮೇಜಿನ ಹತ್ತಿರ ಕೂತೆ. ಮೂವತ್ತನಾಲ್ಕು ಕಡೆ ಇತ್ತು. ಒಂದೊಂದನ್ನೇ ಹುಡುಕಿ, ನಾನೇ ಕೈಯಾರೆ ಹೊಡೆದು ಹಾಕಿದೆ.